ಬಡಗುತಿಟ್ಟಿನ ಚೌಕಿ: ಒಂದು ವಿನ್ಯಾಸದ ಚರಿತ್ರೆ

ಯಕ್ಷಗಾನದ ಇತಿಹಾಸವನ್ನು ಕುರಿತು ನಮ್ಮಲ್ಲಿ ನಡೆದಿರುವ ಸಂಶೋಧನೆಯು ಬಹುಮಟ್ಟಿಗೆ ಗ್ರಂಥಗಳನ್ನು ಹಿಡಿದು ನಡೆದುದಾಗಿದೆ. ಪ್ರಸಂಗಕರ್ತರ ಕಾಲದೇಶಗಳು, ಅಂಕಿತಗಳು, ತಾಳೆಗರಿಯ ಪ್ರತಿಗಳ ಪಾಠಭೇದಗಳು, ಇವುಗಳನ್ನು ಕುರಿತು ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ಕುಂಬಳೆಯ ಪಾರ್ತಿಸುಬ್ಬನೊಬ್ಬನ ವಿಷಯದಲ್ಲಿಯೇ ಮುಳಿಯ ತಿಮ್ಮಪ್ಪಯ್ಯನವರು ಒಂದು ಗ್ರಂಥವನ್ನು ರಚಿಸಿದರೆಂಬುದು ವಾಚಕರಿಗೆ ತಿಳಿದೇ ಇದೆ. ಆದರೆ ಆಟದ ವೇಷಗಳು ಸಿದ್ಧವಾಗುವ ಎಡೆಯಾದ ಚೌಕಿಯು ಈ ಚರ್ಚೆಗಳಲ್ಲಿ ಮಾತಿಗೆ ಮಾತ್ರ ಬಂದು ಹೋಗುತ್ತದೆ. ಚೌಕಿಗೆ ಗ್ರಂಥವಿಲ್ಲ, ಶಾಸನವಿಲ್ಲ. ಅದು ಸಂಜೆಗೆ ಎದ್ದು ಬೆಳಗಿಗೆ ಅಳಿಯುವ ವಸ್ತು. ಹಾಗಿದ್ದರೂ ಬಡಗುತಿಟ್ಟಿನ ಆಟವನ್ನು ಊರಿಂದೂರಿಗೆ, ತಲೆಮಾರಿನಿಂದ ತಲೆಮಾರಿಗೆ ಕೆಡದಂತೆ ಸಾಗಿಸಿದ ಸಾಧನಗಳಲ್ಲಿ ಚೌಕಿಯ ವಿನ್ಯಾಸಕ್ಕೆ ಸಲ್ಲಬೇಕಾದ ಪಾಲು ಪ್ರಸಂಗದ ಹೊತ್ತಗೆಗಳ ಪಾಲಿಗಿಂತ ಕಡಮೆಯಲ್ಲವೆಂದು ನಮಗೆ ತೋರುತ್ತದೆ. ಅದನ್ನು ಆಧಾರಗಳೊಡನೆ ವಿವರಿಸುವುದೇ ಈ ಲೇಖನದ ಉದ್ದೇಶವು.

ಚೌಕಿಯನ್ನು ಕಾಣದ ಘಟ್ಟದ ಮೇಲಿನ ವಾಚಕರಿಗಾಗಿ ಮೊದಲು ಅದರ ಸ್ವರೂಪವನ್ನು ಹೇಳಬೇಕಾಗಿದೆ. ಬೈಂದೂರು, ಕುಂದಾಪುರ, ಬ್ರಹ್ಮಾವರ ಸೀಮೆಗಳಲ್ಲಿ ಸುಗ್ಗಿಯ ಕೊಯ್ಲಾದ ಗದ್ದೆಯಲ್ಲಿಯೋ ದೇವಾಲಯದ ಎದುರಿನ ಬಯಲಿನಲ್ಲಿಯೋ ಆಟವು ನಡೆಯುವುದು. ನಾಲ್ಕು ಕಂಬಗಳನ್ನು ನೆಟ್ಟು ಮಾವಿನೆಲೆಯ ತೋರಣವನ್ನು ಕಟ್ಟಿದರೆ ಅದು ರಂಗಸ್ಥಳ. ಅಲ್ಲಿಂದ ತುಸು ದೂರದಲ್ಲಿ, ಹೆಣೆದ ತೆಂಗಿನ ಮಡಲುಗಳಿಂದ ಮರೆಮಾಡಿ, ಉದ್ದುದ್ದವಾಗಿ ಹಾಕಿದ ಚಪ್ಪರವೇ ಚೌಕಿ. ಅದರ ಒಂದು ತುದಿಯಲ್ಲಿ ಮೇಳದ ಗಣಪತಿಯನ್ನು ಇರಿಸಿ ದೀಪ ಹಚ್ಚುವರು. ಆ ದೇವರ ಎದುರಿಗೆ ಎರಡು ಸಾಲುಗಳಲ್ಲಿ ಚಾಪೆಗಳು. ಒಂದೊಂದು ಚಾಪೆಯ ಬಳಿಯಲ್ಲಿ ವೇಷದ ಸಾಮಾನು. ನಡುವೆ ಓಡಾಡುವುದಕ್ಕೆ ದಾರಿ. ಹಿರಿಯ ವೇಷಧಾರಿಗಳು ದೇವರ ಹತ್ತಿರದಲ್ಲಿ, ಕಿರಿಯರು ಕ್ರಮವಾಗಿ ದೂರದಲ್ಲಿ ಕೂರುವರು. ಮೇಳದಿಂದ ಮೇಳಕ್ಕೆ ಸಣ್ಣ ಪುಟ್ಟ ವ್ಯತ್ಯಾಸಗಳಿವೆಯಾದರೂ ದೇವರು, ಸಾಲು, ಅನುಕ್ರಮ, ಈ ಮೂರು ಬದಲಾಗುವುದಿಲ್ಲ.

ಚೌಕಿಯೆಂಬ ಶಬ್ದದಲ್ಲಿಯೇ ಅದರ ಆಕಾರವು ಅಡಗಿದೆ. ಸಂಸ್ಕೃತದ ಚತುಷ್ಕದಿಂದ ಬಂದ ಚೌಕವೆಂದರೆ ನಾಲ್ಕು ಮೂಲೆಗಳುಳ್ಳದ್ದು. ಕರಾವಳಿಯ ದೊಡ್ಡ ಮನೆಗಳ ನಡುವಣ ಅಂಗಳಕ್ಕೂ, ಕಾವಲಿನ ಠಾಣೆಗೂ ಈ ಹೆಸರು ಸಂದಿರುವುದನ್ನು ಬಲ್ಲೆವು. ಭರತನ ನಾಟ್ಯಶಾಸ್ತ್ರದಲ್ಲಿ ಇದಕ್ಕೆ ಸಂವಾದಿಯಾದ ಸ್ಥಾನವು ನೇಪಥ್ಯಗೃಹವಷ್ಟೆ. ಅರುವತ್ತುನಾಲ್ಕು ಹಸ್ತ ಉದ್ದ, ಮೂವತ್ತೆರಡು ಹಸ್ತ ಅಗಲದ ಮಧ್ಯಮ ವಿಕೃಷ್ಟ ಮಂದಿರವನ್ನು ಎರಡು ಪಾಲು ಮಾಡಿ, ಹಿಂದಿನ ಪಾಲನ್ನು ಮತ್ತೆ ಎರಡು ಮಾಡಿದಾಗ ಕಟ್ಟಕಡೆಗೆ ಉಳಿಯುವ ಭಾಗವೇ ನೇಪಥ್ಯ. ಈ ಸಾದೃಶ್ಯವನ್ನು ಕಂಡು, ನಮ್ಮ ಚೌಕಿಯು ಭರತನ ನೇಪಥ್ಯದ ಅವಶೇಷವೆಂದು ಹೇಳುವುದಕ್ಕೆ ಉತ್ಸಾಹ ಬರುವುದು ಸಹಜವಾಗಿದೆ. ನಮಗೆ ಅದು ಸಮ್ಮತವಾಗಿಲ್ಲ. ನೇಪಥ್ಯವು ರಂಗಕ್ಕೆ ಅಂಟಿಕೊಂಡ ಕೋಣೆ. ಬಾಗಿಲು ದಾಟಿದರೆ ರಂಗ. ಕೇರಳದ ಕೂತ್ತಂಬಲಗಳಲ್ಲಿ ಆ ಸಂಬಂಧವನ್ನು ಇಂದಿಗೂ ಕಾಣಬಹುದು. ಚೌಕಿಯಾದರೋ ರಂಗಸ್ಥಳದಿಂದ ಬೇರೆಯಾಗಿ ನಿಂತುದು. ವೇಷಧಾರಿಯು ಬಯಲಿನಲ್ಲಿ ನಡೆದು ಬಂದು ರಂಗವನ್ನು ಸೇರಬೇಕು. ಮೇಲಾಗಿ ನಾಟ್ಯಶಾಸ್ತ್ರವು ನೇಪಥ್ಯದ ಅಳತೆಯನ್ನು ನಿಯಮಿಸುತ್ತದೆ. ಚೌಕಿಯಲ್ಲಿ ಅಳತೆಗೆ ನಿಯಮವಿಲ್ಲ, ಕುಳಿತುಕೊಳ್ಳುವ ಕ್ರಮಕ್ಕೆ ಇದೆ. ಗದ್ದೆ ಕಿರಿದಾದರೆ ಚಪ್ಪರವು ಕುಗ್ಗುವುದು, ಹಿರಿದಾದರೆ ಹಿಗ್ಗುವುದು. ಯಾರ ಪಕ್ಕಕ್ಕೆ ಯಾರು ಎಂಬುದು ಮಾತ್ರ ಕದಲುವುದಿಲ್ಲ. ಅಲೆದಾಡುವ ಮೇಳಕ್ಕೆ ಒಪ್ಪುವ ಶಾಸ್ತ್ರ ಇದೇ.

ಇಂದು ಗಣಕಯಂತ್ರದ ಮುಂದೆ ಕೆಲಸ ಮಾಡುವವರು ತಮಗೆ ಬೇಕಾದ ಸಲಕರಣೆಗಳನ್ನು ತೆರೆಯ ಮೇಲೆ ತಮ್ಮ ಅನುಕೂಲದಂತೆ ಜೋಡಿಸಿಕೊಂಡು, ಆ ಜೋಡಣೆಯನ್ನೇ ಒಂದು ಪಡಿಯಚ್ಚಾಗಿ ಕಾದಿರಿಸಿ, ಹೊಸ ಕೆಲಸಕ್ಕೆ ತೊಡಗಿದಾಗಲೆಲ್ಲ ಅದನ್ನೇ ಮತ್ತೆ ಹರಡಿಕೊಳ್ಳುತ್ತಾರೆ. ಕೆಲಸ ಬೇರೆ, ಜೋಡಣೆ ಅದೇ. ಚೌಕಿಯ ತತ್ತ್ವವೂ ಇದಕ್ಕಿಂತ ಬೇರೆಯಲ್ಲ. ಆದರೆ ಯಂತ್ರದ ಜೋಡಣೆಯನ್ನು ಯಂತ್ರದ ನೆನಪು ಕಾಯುತ್ತದೆ. ಚೌಕಿಯ ಜೋಡಣೆಯನ್ನು ಕಾದುದು ಕುಳಿತವರ ಅಭ್ಯಾಸ.

ಈಗ ಕಾಲದ ಪ್ರಶ್ನೆಗೆ ಬರುವ. ಯಕ್ಷಗಾನಕ್ಕೆ ಸಂಬಂಧಿಸಿದ ಹಳೆಯ ಆಧಾರಗಳಲ್ಲಿ ಬಳ್ಳಾರಿ ಸೀಮೆಯ ಕುರುಗೋಡಿನ 1556ರ ಶಾಸನವನ್ನೂ, ಅಜಪುರದ ವಿಷ್ಣುವಿನ ವಿರಾಟಪರ್ವವನ್ನೂ ವಿದ್ವಾಂಸರು ಎತ್ತಿ ಹೇಳುವರು. ಎರಡನೆಯದರ ಕಾಲವನ್ನು 1564ರ ಸುಮಾರೆಂದು ಗಣಿಸಿರುತ್ತಾರೆ. ಅಜಪುರವೆಂದರೆ ಈಗಿನ ಬ್ರಹ್ಮಾವರವಾದುದರಿಂದ ನಮ್ಮ ಸೀಮೆಗೆ ಇದು ಮನೆಯ ಸಾಕ್ಷ್ಯವೇ ಸರಿ. ಇವೆರಡಕ್ಕಿಂತಲೂ ಪ್ರಕೃತ ವಿಷಯಕ್ಕೆ ಹತ್ತಿರವಾದುದು ಸಭಾಲಕ್ಷಣ. ಅದರ ತಾಳೆಗರಿಯ ಪ್ರತಿಯೊಂದಕ್ಕೆ 1621ರ ಕಾಲವನ್ನು ಹೇಳಿದ್ದಾರೆ. ಸಭಾಲಕ್ಷಣವು ಪ್ರಸಂಗವಲ್ಲ. ಆ ದಿನದ ಪ್ರಸಂಗ ಯಾವುದೇ ಇರಲಿ, ಅದಕ್ಕೆ ಮುಂಚೆ ನಡೆಯಬೇಕಾದ ಪೂರ್ವರಂಗದ ಹಾಡು ಮತ್ತು ವಿಧಿಗಳ ಸಂಗ್ರಹವದು. ಕೋಡಂಗಿಗಳು, ಬಾಲಗೋಪಾಲರು, ಸ್ತ್ರೀವೇಷಗಳು, ಹೀಗೆ ಒಂದರ ಹಿಂದೊಂದು ಕುಣಿತವು ನಡೆದ ಮೇಲೆ ಒಡ್ಡೋಲಗಕ್ಕೆ ದಾರಿಯಾಗುವುದು. ಹದಿನೇಳನೆಯ ಶತಮಾನದ ಆದಿಯಲ್ಲಿಯೇ ಇಂತಹದೊಂದು ಗ್ರಂಥವಿತ್ತೆಂದಮೇಲೆ, ಬದಲಾಗುವ ಕಥೆಗೆ ಬದಲಾಗದ ಚೌಕಟ್ಟೊಂದು ಬೇಕೆಂಬ ತಿಳಿವು ಆಗಲೇ ನೆಲೆಯಾಗಿತ್ತೆಂದು ಊಹಿಸುವುದಕ್ಕೆ ಅಡ್ಡಿಯಿಲ್ಲ. ಪೂರ್ವರಂಗದಲ್ಲಿ ರಂಗಕ್ಕೆ ಬರುವ ಅನುಕ್ರಮವೂ ಚೌಕಿಯಲ್ಲಿ ಕೂರುವ ಅನುಕ್ರಮವೂ ಒಂದಕ್ಕೊಂದು ತಿರುಗುಮುರುಗಾಗಿವೆ ಎಂಬುದನ್ನು ಗಮನಿಸಬೇಕು. ದೇವರಿಂದ ದೂರ ಕುಳಿತ ಕೋಡಂಗಿಯು ಎಲ್ಲರಿಗಿಂತ ಮುಂಚೆ ಕುಣಿಯುವನು. ದೇವರ ಬಳಿಯಲ್ಲಿ ಕುಳಿತವನು ಒಡ್ಡೋಲಗದ ಹೊತ್ತಿಗೆ ಎದ್ದು ಬರುವನು. ಹೀಗಾಗಿ ಸಭಾಲಕ್ಷಣವನ್ನು ಚೌಕಿಯ ಸಾಲನ್ನು ತಲೆಕೆಳಗಾಗಿ ಓದಿದ ಪಾಠವೆಂದರೂ ಸಲ್ಲುತ್ತದೆ. ಎರಡರಲ್ಲಿ ಯಾವುದು ಮೊದಲು, ಯಾವುದು ಅನಂತರದ್ದು ಎಂಬ ವಾದಕ್ಕೆ ಇಲ್ಲಿ ಕೈಹಾಕುವುದಿಲ್ಲ.

ಚೌಕಿಯ ಸ್ಥಾನಗಳು ಪಾತ್ರಗಳಿಗೆ ಮೀಸಲಾಗಿರದೆ ವೇಷದ ವರ್ಗಗಳಿಗೆ ಮೀಸಲಾಗಿರುವುದೇ ಈ ವಿನ್ಯಾಸದ ಮರ್ಮವು. ಬಡಗುತಿಟ್ಟಿನಲ್ಲಿ ಪ್ರಧಾನ ಪುರುಷಪಾತ್ರವನ್ನು ವಹಿಸುವವನಿಗೆ ಎರಡನೆಯ ವೇಷದವನೆಂದು ಹೆಸರು. ಅವನು ಇಂದು ಕರ್ಣ, ನಾಳೆ ಜಾಂಬವ, ನಾಡಿದ್ದು ಭೀಷ್ಮ. ಚಾಪೆ ಮಾತ್ರ ಒಂದೇ. ಸ್ತ್ರೀವೇಷದವನು ದ್ರೌಪದಿಯಾದರೂ ದಮಯಂತಿಯಾದರೂ ಅವನ ಎಡೆಯು ಕದಲದು. ಪುರುಷವೇಷ, ಮುಂಡಾಸಿನ ವೇಷ, ಬಣ್ಣದ ವೇಷ, ಹಾಸ್ಯ, ಇವುಗಳ ವಿಷಯವೂ ಹೀಗೆಯೇ. ಚಾಪೆಯನ್ನು ಕರ್ಣನಿಗೆಂದು ಇಟ್ಟಿದ್ದರೆ ಕರ್ಣನಿಲ್ಲದ ಪ್ರಸಂಗದ ದಿನ ಚೌಕಿಯನ್ನೆಲ್ಲ ಮತ್ತೆ ಹೂಡಬೇಕಾಗುತ್ತಿತ್ತು. ವರ್ಗಕ್ಕೆಂದು ಇಟ್ಟುದರಿಂದ ನೂರು ಪ್ರಸಂಗಗಳು ಒಂದೇ ಚೌಕಿಯಲ್ಲಿ ಹಿಡಿಸಿದುವು. ಅಜಪುರದ ವಿಷ್ಣುವಿನ ಕಾಲದಿಂದ, ಕುಂದಾಪುರದಲ್ಲಿ ಉಪಾಧ್ಯಾಯನಾಗಿದ್ದ ಮುದ್ದಣನ ರತ್ನಾವತೀ ಕಲ್ಯಾಣ, ಕುಮಾರವಿಜಯಗಳ ವರೆಗೆ ಪ್ರಸಂಗಸಾಹಿತ್ಯವು ಬೆಳೆಯುತ್ತಲೇ ಬಂದಿತು. ಹೊಸ ಪ್ರಸಂಗ ಬಂದಿತೆಂದು ಯಾವ ಮೇಳವೂ ಹೊಸ ಚಾಪೆಯನ್ನು ಹಾಸಬೇಕಾಗಲಿಲ್ಲ.

ಎರಡನೆಯ ವೇಷವೆಂಬ ಹೆಸರೇ ವಿಚಾರಾರ್ಹವಾಗಿದೆ. ಆಟದ ನಾಯಕನಾದವನು ಎರಡನೆಯವನು ಹೇಗೆ? ಆಟವನ್ನು ಮುನ್ನಡೆಸುವ ಭಾಗವತನೇ ಮೊದಲನೆಯ ವೇಷವೆಂದು ಹೇಳುವುದುಂಟು. ಭಾಗವತನು ಬಣ್ಣ ಹಚ್ಚದವನಾದುದರಿಂದ ಈ ಸಮಾಧಾನವು ತುಸು ಚಮತ್ಕಾರದ್ದೆಂದು ಕಂಡರೂ, ಅದರೊಳಗೊಂದು ಸತ್ಯವಿದೆ. ಹೆಸರು ಪಾತ್ರದಿಂದ ಬಂದುದಲ್ಲ, ಬಣ್ಣದಿಂದಲೂ ಬಂದುದಲ್ಲ, ಸಂಖ್ಯೆಯಿಂದ ಬಂದಿದೆ. ಎಣಿಕೆಯಿರಬೇಕಾದರೆ ಸಾಲಿರಬೇಕು. ಬರೆದ ದಾಖಲೆಯಿಲ್ಲದ ಒಂದು ಅನುಕ್ರಮವು ಹೀಗೆ ಮಾತಿನಲ್ಲಿ ಕಲ್ಲಾಗಿ ಉಳಿದಿದೆಯೆಂದು ನಮ್ಮ ಊಹೆ.

ಈ ಕ್ರಮವು ಕೇವಲ ಮರ್ಯಾದೆಗಾಗಿ ಹುಟ್ಟಿತೆಂದು ಭಾವಿಸಬಾರದು. ಅದರ ಬೇರು ಕೈಗೆಲಸದಲ್ಲಿದೆ. ಯಕ್ಷಗಾನದ ವೇಷಧಾರಿಯು ತನ್ನ ಮುಖವನ್ನು ತಾನೇ ಬರೆದುಕೊಳ್ಳುವನು. ಎಡಗೈಯಲ್ಲಿ ಕನ್ನಡಿ, ಬಲಗೈಯಲ್ಲಿ ಕಡ್ಡಿ, ಪಕ್ಕದಲ್ಲಿ ದೀಪ. ಬಿಳಿ, ಅರದಾಳ, ಇಂಗಳೀಕ, ಕಾಡಿಗೆಗಳನ್ನು ಕೈಗೆ ಸಿಕ್ಕುವಂತೆ ಇರಿಸಿಕೊಂಡಿರಬೇಕು. ಬಡಗಿನ ಮುಂಡಾಸನ್ನೂ ಕೇದಗೆಮುಂದಲೆಯನ್ನೂ ಸಿದ್ಧಪಡಿಸಿದ ಟೋಪಿಯಂತೆ ತಲೆಗಿಡುವುದಲ್ಲ. ಬಟ್ಟೆಯನ್ನು ಸುತ್ತಿ, ಪಟ್ಟಿಗಳನ್ನು ಬಿಗಿದು, ದಿನದಿನವೂ ತಲೆಯ ಮೇಲೆಯೇ ಕಟ್ಟಬೇಕು. ಇದಕ್ಕೆ ಇನ್ನೊಬ್ಬನ ಕೈಯೂ, ಅವನು ನಿಂತು ಸುತ್ತುವುದಕ್ಕೆ ಎಡೆಯೂ ಬೇಕು. ಹಗುರವಾದ ಮರದಲ್ಲಿ ಕೆತ್ತಿ ಬೇಗಡೆ ಹಚ್ಚಿದ ಭುಜಕೀರ್ತಿ, ಎದೆಕಟ್ಟು, ವೀರಗಸೆಗಳನ್ನು ಕಟ್ಟುವಾಗ ಒಂದರ ಮೇಲೊಂದು ಬರುವ ಕ್ರಮವಿದೆ. ಬಣ್ಣದ ವೇಷದವನ ಕಷ್ಟವಂತೂ ಬೇರೆಯೇ. ಅಕ್ಕಿಯ ಹಿಟ್ಟಿನಿಂದ ಸಣ್ಣ ಸಣ್ಣ ಚಿಟ್ಟಿಗಳನ್ನು ಮುಖದ ಮೇಲೆ ಒಂದೊಂದಾಗಿ ಇಡುತ್ತ ಗಂಟೆಗಟ್ಟಲೆ ಅಲುಗದೆ ಕೂರಬೇಕು. ಅವನ ಪಕ್ಕದಲ್ಲಿ ಗಳಿಗೆಗೊಮ್ಮೆ ಎದ್ದು ಕುಣಿದು ಬರುವ ಬಾಲಗೋಪಾಲನನ್ನು ಕೂರಿಸಿದರೆ ಕೆಲಸ ಕೆಟ್ಟಿತೆಂದೇ ಅರ್ಥ. ದೀಪದ ಬೆಳಕು ಮಿತವಾಗಿದ್ದ ಕಾಲದಲ್ಲಿ, ಕತ್ತಲೆಯಲ್ಲಿ ಕೈನೀಡಿದರೆ ಅರದಾಳವೇ ಸಿಕ್ಕಬೇಕು, ಕಾಡಿಗೆ ಸಿಕ್ಕಬಾರದು. ಹೀಗೆ ಸಾಮಾನಿಗೂ ನೆಲೆ, ಮನುಷ್ಯನಿಗೂ ನೆಲೆ.

ಇದಕ್ಕೆ ಒಂದು ವಿಲೋಮ ಸಾಕ್ಷ್ಯವು ನಮ್ಮ ಸೀಮೆಯಲ್ಲಿಯೇ ದೊರೆಯುತ್ತದೆ. ಕುಂದಾಪುರದ ಬಳಿಯ ಉಪ್ಪಿನಕುದ್ರಿನ ಕಾಮತ ಮನೆತನದವರು ಆಡಿಸಿಕೊಂಡು ಬಂದಿರುವ ಸೂತ್ರದ ಗೊಂಬೆಯಾಟವು ಬಡಗುತಿಟ್ಟಿನ ಪಡಿನೆಳಲು. ದೇವಣ್ಣ ಪದ್ಮನಾಭ ಕಾಮತರೂ ಅವರ ಪುತ್ರ ಕೊಗ್ಗ ದೇವಣ್ಣ ಕಾಮತರೂ ಇದಕ್ಕೆ ದೇಶಾಂತರಗಳಲ್ಲಿ ಹೆಸರು ತಂದವರು. ಗೊಂಬೆಗಳಿಗೆ ಅದೇ ಮುಂಡಾಸು, ಅದೇ ಆಭರಣ, ಅದೇ ಭಾಗವತಿಕೆ. ಆದರೆ ಚೌಕಿಯ ಎರಡು ಸಾಲುಗಳು ಮಾತ್ರ ಗೊಂಬೆಯಾಟಕ್ಕೆ ಬೇಕಾಗಲಿಲ್ಲ. ಗೊಂಬೆಯ ಮುಖಕ್ಕೆ ಒಮ್ಮೆ ಬಣ್ಣ ಹಚ್ಚಿದರೆ ಬಹುಕಾಲ ಸಾಕಲ್ಲವೆ? ಮುಖವನ್ನು ದಿನದಿನವೂ ಹೊಸದಾಗಿ ಬರೆಯಬೇಕಾದಲ್ಲಿ ಮಾತ್ರ ಚೌಕಿಯು ಬೇಕಾಯಿತು.

ಇನ್ನು ಈ ವಿನ್ಯಾಸವು ಸಂಚರಿಸಿದ ದಾರಿಯನ್ನು ನೋಡೋಣ. ಹಿಂದಿನ ಮೇಳಗಳು ಕಾಲ್ನಡೆಯ ಮೇಳಗಳಾಗಿದ್ದುವು. ಬೈಂದೂರಿನಿಂದ ಕುಂದಾಪುರಕ್ಕೆ ಬರುವವರು ಇಂದು ಮರವಂತೆಯಲ್ಲಿ ಒಂದು ಮಗ್ಗುಲಿಗೆ ಕಡಲನ್ನೂ ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆಯನ್ನೂ ನೋಡುತ್ತ ಹೆದ್ದಾರಿಯಲ್ಲಿ ಸರಾಗವಾಗಿ ಸಾಗುತ್ತಾರೆ. ಸೇತುವೆಗಳು ಆಗುವುದಕ್ಕೆ ಮುಂಚೆ ಈ ದಾರಿಯು ಹೊಳೆಯಿಂದ ಹೊಳೆಗೆ ತುಂಡುತುಂಡಾಗಿತ್ತು. ವೇಷದ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು, ಕಡವಿನಲ್ಲಿ ದೋಣಿಗೆ ಏರಿಸಿ, ಇಳಿಸಿ, ಮತ್ತೆ ಹೊರಬೇಕಾಗಿತ್ತು. ಬೆಳಗ್ಗೆ ಆಟ ಮುಗಿಸಿದವರು ಸಂಜೆಗೆ ಇನ್ನೊಂದು ಊರಿನಲ್ಲಿ ಚೌಕಿಯಲ್ಲಿ ಕೂರಬೇಕು. ಯಾವ ಪೆಟ್ಟಿಗೆ ಎಲ್ಲಿಗೆ ಎಂದು ಕೇಳುತ್ತ ನಿಲ್ಲುವುದಕ್ಕೆ ಹೊತ್ತೆಲ್ಲಿಯದು? ಆಟ ಆಡಿಸುವ ಊರಿನವರಿಗೂ ಚೌಕಿಯ ಕ್ರಮವು ತಿಳಿದೇ ಇದ್ದುದರಿಂದ ಮೇಳವು ಬರುವುದರೊಳಗೆ ಚಪ್ಪರವು ಸಿದ್ಧವಾಗಿರುತ್ತಿತ್ತು. ಈ ಪಡಿಯಚ್ಚಿಗೆ ಮೇಳವೊಂದೇ ಒಡೆಯನಲ್ಲ; ಸೀಮೆಗೆ ಸೀಮೆಯೇ ಒಡೆತನ ಪಡೆದಿತ್ತು.

ರಾಜಕೀಯದ ಗಡಿಗಳನ್ನೂ ಅದು ಲೆಕ್ಕಿಸಲಿಲ್ಲ. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಆಧಿಪತ್ಯಕ್ಕೆ ಸೇರಿ ಕುಂದಾಪುರ ತಾಲ್ಲೂಕು ಮದರಾಸಿನಲ್ಲಿಯೇ ಉಳಿದಾಗ ಬೈಂದೂರು, ಶಿರೂರುಗಳು ಎರಡು ಆಧಿಪತ್ಯಗಳ ಅಂಚಿನ ಊರುಗಳಾದುವು. 1956ರ ವರೆಗೆ ಆ ಗೆರೆಯು ಒಂದಲ್ಲ ಒಂದು ರೂಪದಿಂದ ಉಳಿಯಿತು. ಗೆರೆಯ ಆಚೆಗೆ, ಹೊನ್ನಾವರದ ಕಡೆಯಲ್ಲಿ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದರು. ಅಲ್ಲಿಯ ಕುಣಿತ, ಅಭಿನಯಗಳು ಕುಂದಾಪುರದ ಕಡೆಯ ನಡೆಗಿಂತ ಬೇರೆಯಾದ ಚೆಲುವನ್ನು ಪಡೆದುವೆಂಬುದು ನಿಜ. ಆದರೆ ವೇಷವರ್ಗಗಳೂ, ಚೌಕಿಯ ಗಣಪತಿಯಿಂದ ಆಟವನ್ನು ಆರಂಭಿಸುವ ಪದ್ಧತಿಯೂ ಎರಡೂ ಕಡೆಗೆ ಸಮಾನವಾಗಿಯೇ ಇದ್ದುವು.

ಈ ಕಟ್ಟಳೆಗೆ ಕಠೋರವಾದ ಮುಖವೂ ಒಂದಿತ್ತೆಂಬುದನ್ನು ಮರೆಮಾಚುವುದು ಸರಿಯಲ್ಲ. ಮೇಳಕ್ಕೆ ಸೇರಿದ ಹುಡುಗನು ಕೋಡಂಗಿಯಾಗಿ ತೊಡಗಿ, ಬಾಲಗೋಪಾಲನಾಗಿ, ಪೀಠಿಕೆಯ ಸ್ತ್ರೀವೇಷ ಮಾಡಿ, ಒಂದೊಂದೇ ಚಾಪೆಯನ್ನು ದಾಟಿಕೊಂಡು ದೇವರ ಕಡೆಗೆ ಸರಿಯಬೇಕಾಗಿತ್ತು. ಪಕ್ಕದವನು ಮುಖ ಬರೆಯುವುದನ್ನು ನೋಡಿ ನೋಡಿ ಕಲಿಯುವ ವಿದ್ಯಾಶಾಲೆಯೂ ಅದೇ. ಪ್ರತಿಭೆಯಿದ್ದರೂ ಮುಂದಿನ ಚಾಪೆ ತೆರವಾಗುವ ತನಕ ಕಾಯಿಸುವ ಬಂದಿಖಾನೆಯೂ ಅದೇ. ಸಂಬಳವೂ ಮನ್ನಣೆಯೂ ಚಾಪೆಯೊಡನೆ ಬರುವುವಾದುದರಿಂದ ಎಡೆಯ ಜಗಳಗಳು ಆಗಿರಲಾರವೆಂದು ಯಾರೂ ನಂಬಲಾರರು. ಚೌಕಿಯನ್ನು ಹೊಗಳುವ ಉತ್ಸಾಹದಲ್ಲಿ ನಾವು ಇದನ್ನು ಮರೆಯುವುದುಂಟು.

ಇಪ್ಪತ್ತನೆಯ ಶತಮಾನದ ನಡುವಿನಿಂದ ಈಚೆಗೆ ಈ ವಿನ್ಯಾಸವು ಸಡಿಲವಾಗುತ್ತ ಬಂದಿದೆ. ಕಾರಣಗಳು ಹಲವು. ಟಿಕೇಟಿನ ಡೇರೆ ಮೇಳಗಳು ಬಂದುವು. ಲಾರಿಗಳು ಬಂದು ಹೊರೆಯ ಚಿಂತೆಯನ್ನು ತೊಡೆದುವು. ವಿದ್ಯುದ್ದೀಪವು ಬಂದಮೇಲೆ ದೀಪದ ಹತ್ತಿರದವನು, ದೂರದವನು ಎಂಬ ಭೇದವೇ ಉಳಿಯಲಿಲ್ಲ. ಹೊಸ ಕಲ್ಪಿತ ಪ್ರಸಂಗಗಳಲ್ಲಿ ಬಣ್ಣದ ವೇಷಕ್ಕೆ ಅವಕಾಶವು ಕಡಮೆಯಾಯಿತು. ಈಚೆಗೆ ಇರುಳಿಡೀ ನಡೆಯುವ ಆಟದ ಬದಲಿಗೆ ಕಾಲಮಿತಿಯ ಆಟಗಳು ರೂಢಿಗೆ ಬಂದುದರಿಂದ ಪೂರ್ವರಂಗವು ಮೊಟಕಾಗಿ, ಕೋಡಂಗಿ ಬಾಲಗೋಪಾಲರ ಚಾಪೆಗಳಿಗೆ ಹಿಂದಿನ ಅರ್ಥವಿಲ್ಲದಂತಾಗಿದೆ. ನಗರದ ಸಭಾಂಗಣಗಳಲ್ಲಿ ಆಟವಾದಾಗ ಹಿಂದಿನ ಕೋಣೆಯ ಗೋಡೆಗೆ ಬಡಿದ ಕನ್ನಡಿಗಳ ಮುಂದೆ, ಕುರ್ಚಿ ಸಿಕ್ಕಿದ ಕಡೆಗಳಲ್ಲಿ ಕೂರುವುದಾಗಿದೆ. ಹವ್ಯಾಸಿ ತಂಡಗಳಲ್ಲಿ ಬಾಡಿಗೆಯ ವೇಷಭೂಷಣದೊಡನೆ ಮುಖ ಬರೆಯುವವರೂ ಬರುವರು. ಅಲ್ಲಿ ವೇಷಧಾರಿಗೆ ಎಡೆಯೇ ಬೇಕಿಲ್ಲ, ಸರದಿ ಬಂದಾಗ ಹೋಗಿ ಮುಖವೊಡ್ಡಿದರಾಯಿತು. ದೇವಸ್ಥಾನಗಳ ಹರಕೆಯ ಮೇಳಗಳಾದ ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸೌಕೂರು ಮೊದಲಾದುವುಗಳಲ್ಲಿ ಹಳೆಯ ಕ್ರಮವು ಹೆಚ್ಚಾಗಿ ಉಳಿದಿದೆಯೆಂದರೆ ಅದಕ್ಕೆ ಹರಕೆಯ ಭಯಭಕ್ತಿಗಳೂ ಕಾರಣವೆನ್ನಬೇಕು.

ಬದಲಾವಣೆಯಾದುದಕ್ಕೆ ನಾವು ಹಲುಬುವುದಿಲ್ಲ. ಆದರೆ ಬದಲಾಗುವುದಕ್ಕೆ ಮುಂಚೆ ಬರೆದಿಡದೆ ಹೋದುದಕ್ಕೆ ಹಲುಬಬೇಕಾಗಿದೆ. ಉಡುಪಿಯ ಪಾವಂಜೆ ಗುರುರಾಯರು ಪ್ರಸಂಗಗಳನ್ನು ಅಗ್ಗದ ಬೆಲೆಯ ಹೊತ್ತಗೆಗಳಾಗಿ ಅಚ್ಚುಮಾಡಿ ಮನೆಮನೆಗೆ ಮುಟ್ಟಿಸಿದರು. ಪಠ್ಯಕ್ಕೆ ಒದಗಿದ ಆ ಭಾಗ್ಯವು ಚೌಕಿಗೆ ಒದಗಲಿಲ್ಲ. ಕೋಟದ ಶಿವರಾಮ ಕಾರಂತರು 'ಯಕ್ಷಗಾನ ಬಯಲಾಟ'ದಲ್ಲಿ ಸಾಹಿತ್ಯದೊಡನೆ ವೇಷಭೂಷಣ, ಕುಣಿತ, ಗಾನಗಳಿಗೂ ಸಮಾನವಾದ ಗಮನವನ್ನಿತ್ತು ಸಂಶೋಧನೆಯ ದಾರಿಯನ್ನೇ ತಿರುಗಿಸಿದರು. ಅದಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಮನ್ನಣೆಯೂ ದೊರೆಯಿತು. 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರವು ಸ್ಥಾಪಿತವಾಯಿತು. ಹಿರಿಯಡಕ ಗೋಪಾಲರಾಯರಲ್ಲಿ ಅಭ್ಯಾಸ ಮಾಡಿದ ಅಮೆರಿಕದ ಮಾರ್ತಾ ಆಷ್ಟನ್ ಅವರು ಬ್ರೂಸ್ ಕ್ರಿಸ್ಟಿಯವರೊಡನೆ 1977ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಹೊರಗಿನಿಂದ ಬಂದವರಿಗೆ ವಿಶೇಷವಾಗಿ ಕಾಣುವ ಚೌಕಿಯು, ಬಾಲ್ಯದಿಂದ ಅದರ ಮಡಲಿನ ಸಂದಿಯಲ್ಲಿ ಇಣಿಕಿ ಬೆಳೆದ ನಮಗೆ ಬರೆಯುವಷ್ಟು ದೊಡ್ಡ ವಿಷಯವೆಂದು ತೋರದೆ ಹೋದುದು ಸೋಜಿಗವಲ್ಲ.

ಆಗಬೇಕಾದ ಕೆಲಸವು ದೊಡ್ಡದೇನಲ್ಲ. ಒಂದೊಂದು ಮೇಳದ ಚೌಕಿಯ ನಕಾಶೆಯನ್ನು ಬರೆಯಬೇಕು: ದೇವರ ದಿಕ್ಕು, ಬಾಗಿಲು, ಸಾಲುಗಳ ನಡುವಣ ಅಂತರ, ಯಾವ ವರ್ಗಕ್ಕೆ ಎಷ್ಟನೆಯ ಎಡೆ, ಪೆಟ್ಟಿಗೆಯು ಎಡಗಡೆಯೋ ಬಲಗಡೆಯೋ. ಹಿರಿಯ ವೇಷಧಾರಿಗಳು ತಾವು ಹುಡುಗರಾಗಿ ಸೇರಿದಾಗ ಎಲ್ಲಿ ಕುಳಿತಿದ್ದರು, ಅಲ್ಲಿಂದ ಎಲ್ಲಿಗೆ, ಎಷ್ಟು ವರ್ಷಗಳಲ್ಲಿ ಸರಿದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಎರಡು ಮೇಳಗಳ ನಕಾಶೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ಪ್ರಸಂಗದ ಪಾಠಭೇದಗಳು ಪ್ರತಿಗಳ ವಂಶವನ್ನು ತಿಳಿಸುವಂತೆ, ಎಡೆಯ ಭೇದಗಳು ಮೇಳಗಳ ವಂಶವನ್ನು ತಿಳಿಸಿದರೂ ತಿಳಿಸಿಯಾವು. ಅಳತೆಪಟ್ಟಿ, ಕಾಗದ, ಒಂದು ಇರುಳಿನ ನಿದ್ದೆ, ಇಷ್ಟೇ ಇದಕ್ಕೆ ತಗಲುವ ವೆಚ್ಚ. ಮೇಳಗಳು ತಿರುಗಾಟಕ್ಕೆ ಹೊರಡುವುದು ದೀಪಾವಳಿಯಾದ ಮೇಲೆ. ಮಳೆಗಾಲಕ್ಕೆ ಮುಂಚೆ ಕಡೆಯ ಸೇವೆಯಾಟವಾಗಿ, ಭಾಗವತನು ಚೌಕಿಯ ಗಣಪತಿಯ ಮುಂದೆ ಮಂಗಳ ಹಾಡಿದ ಬಳಿಕ ಪೆಟ್ಟಿಗೆಗಳು ದೇವಸ್ಥಾನವನ್ನು ಸೇರುತ್ತವೆ. ಅಳೆಯುವವರು ಆ ನಡುವಿನ ತಿಂಗಳುಗಳಲ್ಲಿ, ಸಂಜೆ ಚಾಪೆ ಹಾಸುವ ಹೊತ್ತಿಗೆ ಚೌಕಿಯಲ್ಲಿ ಇರಬೇಕು.